ಗೋಡೆಯ ಪಕ್ಕದ ಪ್ಲಮ್ ಮರ

ಆ ಮನೆಯಲ್ಲಿ ವಸಂತ ಬಂತೆಂದು ಸಾರುವ ಹಕ್ಕು ಇದ್ದದ್ದು ಮನೆಯ ಹಿತ್ತಿಲ ಕಡೆಯ ಗೋಡೆಗೆ ಒರಗಿ ಬೆಳೆದ ಪ್ಲಮ್ ಮರಕ್ಕೆ. ಅದು ಬಿಟ್ಟರೆ ಅತ್ತೆಗೆ. ಕಣಿವೆಯ ತಳದ ಈ ಮರ ಹೂಬಿಟ್ಟ ಮೇಲೆ, ಬೆಚ್ಚಗಿನ ಗಾಳಿ ಗುಡ್ಡ ಹತ್ತಿ ಮೇಲಿನ ತೋಟಗಳನ್ನು ಅರಳಿಸಲು ವಾರ ಬೇಕು. ಅಷ್ಟರೊಳಗೆ ಮನೆಯ ಜೇನುಪೆಟ್ಟಿಗೆಗಳು ಆ ತೋಟಗಳಲ್ಲಿರಬೇಕು. ಚಳಿಗಾಲ ಕಳೆಯುವ ಹೊತ್ತಿಗೆ ಹುಳುಗಳು ಕೂಡಿಟ್ಟ ಜೇನನ್ನೆಲ್ಲ ತಿಂದು ಮುಗಿಸಿರುತ್ತವೆ. ಮೊದಲ ಹೂವು ತಪ್ಪಿದರೆ ಅವುಗಳ ಹೊಟ್ಟೆಗಿಲ್ಲ. ಅತ್ತೆ ಮದುವೆಯಾಗಿ ಬಂದಾಗಿನಿಂದ ಮರ ಒಮ್ಮೆಯೂ ಮಾತು ತಪ್ಪಿರಲಿಲ್ಲ.

ಈ ಸಲ ಅತ್ತೆಯ ಎದೆಯಲ್ಲಿ ಕಫ ಕಟ್ಟಿತು. ಸೊಸೆ ಮಂಚವನ್ನು ಹಿಂದಿನ ಕೋಣೆಗೆ ಸರಿಸಿ, ಹಿತ್ತಿಲ ಕಡೆಯ ಗೋಡೆಗೆ ತಾಗಿಸಿ ಕಬ್ಬಿಣದ ಒಲೆ ಇಟ್ಟು, ಚಳಿಗಾಲವಿಡೀ ಬೆಂಕಿ ಆರದಂತೆ ನೋಡಿಕೊಂಡಳು. ಮುದುಕಿ ಬದುಕಿದಳು. ದೇವರು ದೊಡ್ಡವನು ಎಂದು ಮನೆಯವರು ಕೈಮುಗಿದರು.

ಒಂದು ಬೆಳಿಗ್ಗೆ ಅತ್ತೆ ಕಿಟಕಿಯಿಂದಲೇ ಕೂಗಿದಳು. “ಏ ಇವಳೇ! ಹೂ ಬಂದಿದೆ ನೋಡು. ಕಣ್ಣೇನು ನೆತ್ತಿ ಮೇಲಿದ್ಯಾ?”

ಸೊಸೆ ಹೊರಗೆ ಹೋಗಿ ನೋಡಿದಳು. ಗೋಡೆಯ ಕಡೆಯ ಕೊಂಬೆಗಳೆಲ್ಲ ಬೆಳ್ಳಗಾಗಿದ್ದವು. ಬೇಲಿಯ ಕಡೆ ಮೊಗ್ಗುಗಳು ಇನ್ನೂ ಮುಷ್ಟಿ ಬಿಗಿದೇ ಇದ್ದವು.

“ಅರ್ಧ ಮರಕ್ಕೆ ಬಂದಿದೆ ಅತ್ತೆ. ನಾಲ್ಕು ದಿನ ನೋಡೋಣ್ವಾ?”

“ನೀನು ನೋಡ್ತಾ ಕೂತಿರು, ಹುಳ ಉಪವಾಸ ಸಾಯ್ಲಿ. ನನಗೆ ಹಲ್ಲು ಉದುರಿದೆ, ಬುದ್ಧಿ ಉದುರಿಲ್ಲ.”

ಸಾವಿನ ಬಾಗಿಲಿಂದ ಬಂದವಳೊಡನೆ ವಾದವೇಕೆಂದುಕೊಂಡು ಸೊಸೆ ಪೆಟ್ಟಿಗೆಗಳ ಬಳಿಗೆ ನಡೆದಳು. ಚಳಿಗೆಂದು ಅವಕ್ಕೆ ಸುತ್ತಿದ್ದ ಹುಲ್ಲಿನ ಚಾಪೆ ಬಿಚ್ಚಿಟ್ಟು, ಮೈದುನನ ಟ್ರ್ಯಾಕ್ಟರಿಗೆ ಹೇರಿದಳು.

“ಅತ್ತಿಗೆ, ನಿಮ್ಮ ಹುಳಗಳು ನನ್ನ ಹೆಂಡತಿಗಿಂತ ವಾಸಿ,” ಎಂದ ಮೈದುನ. “ನಿದ್ದೆಯಿಂದ ಎಬ್ಬಿಸಿದ್ರೂ ಬೈಯಲ್ಲ.”

ಗುಡ್ಡದ ತೋಟದಲ್ಲಿ ಒಂದು ಹೂವೂ ಇರಲಿಲ್ಲ. ತೋಟದವ ಎದುರು ಬಂದು ನಕ್ಕ. “ಏನಕ್ಕಾ, ಲಗ್ನಕ್ಕೆ ಮುಂಚೆ ಊಟಕ್ಕೆ ಬಂದ್ಬಿಟ್ರಲ್ಲ! ಇಲ್ಲಿ ಇನ್ನೂ ನೆಲದ ಹಿಮಾನೇ ಕರಗಿಲ್ಲ.”

ಮೈದುನ ಅವಳ ಮುಖ ನೋಡಿದ. ಪೆಟ್ಟಿಗೆಗಳನ್ನು ವಾಪಸ್ ಒಯ್ದರೆ ಅತ್ತೆಗೆ ಏನು ಹೇಳುವುದು? ಮರ ಸುಳ್ಳು ಹೇಳಿತೆಂದೇ? ಬಿಸಿಲೇನೋ ಚೆನ್ನಾಗಿತ್ತು. “ಇಳಿಸು,” ಎಂದಳು ಸೊಸೆ. ಹಾಗೆ ಹೇಳಿದವಳು ಅತ್ತೆಯಲ್ಲ, ಅವಳೇ.

ಮರುದಿನ ಗಾಳಿ ತಿರುಗಿತು. ಹಿಮ ಸುರಿದು ದಾರಿ ಮುಚ್ಚಿತು. ಕೆಳಗೆ ಮನೆಯಲ್ಲಿ ಅವಳು ಹುಳುಗಳಿಗೆಂದು ಸಕ್ಕರೆ ಪಾಕ ಕಾಯಿಸಿಟ್ಟುಕೊಂಡು, ಬಾಗಿಲಿಗೂ ಒಲೆಗೂ ನಡುವೆ ಕಾಲು ಸುಟ್ಟ ಬೆಕ್ಕಿನಂತೆ ಓಡಾಡಿದಳು. ದಾರಿ ತೆರೆದಾಗ ಪಾಕದ ಪಾತ್ರೆ ಹೊತ್ತು ಮೈದುನನೊಡನೆ ಮೇಲೆ ಹೋದಳು. ಪೆಟ್ಟಿಗೆಗೆ ಕಿವಿ ಇಟ್ಟಳು. ಮುಚ್ಚಳ ತೆಗೆದಳು. ಹುಳುಗಳೆಲ್ಲ ಬರಿದಾದ ಮೇಣದ ಗೂಡುಗಳೊಳಗೆ ತಲೆ ತೂರಿಸಿಕೊಂಡು ಸತ್ತಿದ್ದವು. ಕೊನೆಯ ಹನಿಗಾಗಿ ತಳ ಕೆರೆದಿದ್ದವು. ಎರಡನೆಯ ಪೆಟ್ಟಿಗೆಯೂ ಹಾಗೆಯೇ. ಉಳಿದವನ್ನು ಮೈದುನ ತೆರೆದ, ಅವಳಿಂದಾಗಲಿಲ್ಲ.

ಮನೆಗೆ ಬಂದವಳು ನೇರ ಹಿತ್ತಿಲಿಗೆ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟಳು. ಒಳಗಿನ ಒಲೆಯ ಕಾವಿಗೆ ಗೋಡೆ ಕರುವಿನ ಮೈಯಂತೆ ಬೆಚ್ಚಗಿತ್ತು.

“ಹುಳ ಹೇಗಿವೆ?” ಎಂದಳು ಅತ್ತೆ.

ಸೊಸೆ ಒಲೆಗೆ ಕಟ್ಟಿಗೆ ಹಾಕಲು ಬಗ್ಗಿದಳು. ಮುದುಕಿ ಅವಳ ಬೆನ್ನು ನೋಡಿದಳು, ಒಲೆ ನೋಡಿದಳು, ಕಿಟಕಿಯಾಚೆ ಹಿಮಕ್ಕೆ ಕಪ್ಪಾದ ಹೂಗಳನ್ನು ನೋಡಿದಳು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

“ಬೆಂಕಿ ಆರಿಸು.”

“ಸುಮ್ನೆ ಮಲಗಿ ಅತ್ತೆ.”

“ಆರಿಸು ಅಂದೆ. ಅಷ್ಟು ಜೀವ ತಿಂದು ನಾನೊಬ್ಬಳು ಬೆಚ್ಚಗಿರಬೇಕಾ?”

ಸೊಸೆ ಕಟ್ಟಿಗೆ ಒಟ್ಟಿದಳು. ಅತ್ತೆ ಮಗ್ಗುಲು ಬದಲಿಸಿ ಮುಸುಕೆಳೆದುಕೊಂಡಳು. ಅಂದಿನಿಂದ ಅವಳು ಸೊಸೆಯನ್ನು ಬೈಯಲಿಲ್ಲ. ಬೈಗುಳವಿಲ್ಲದ ಆ ಮನೆಯಲ್ಲಿ ಉಸಿರಾಡುವುದೇ ಕಷ್ಟವಾಯಿತು.

ಕೊನೆಗೆ ಗುಡ್ಡಕ್ಕೂ ವಸಂತ ಬಂತು, ತನ್ನ ಹೊತ್ತಿಗೆ, ಯಾರನ್ನೂ ಕೇಳದೆ. ಖಾಲಿ ಪೆಟ್ಟಿಗೆಗಳನ್ನು ತರಲು ಸೊಸೆ ಹೋದಾಗ ತೋಟವಿಡೀ ಬೆಳ್ಳಗೆ ಅರಳಿ ನಿಂತಿತ್ತು. ಗುಂಯ್ ಎನ್ನುವ ಒಂದು ಸದ್ದೂ ಇಲ್ಲ. ತೋಟದವ ಕೋಲಿಗೆ ಕೋಳಿಗರಿ ಕಟ್ಟಿಕೊಂಡು, ಹುಳುಗಳ ಬದಲಿಗೆ ತಾನೇ ಪರಾಗವನ್ನು ಹೂವಿನಿಂದ ಹೂವಿಗೆ ಸವರುತ್ತಿದ್ದ.

“ಹೀಗೆ ಎಷ್ಟು ಕಾಯಿ ಕಚ್ಚುತ್ತೆ?” ಎಂದಳು.

“ಕೈಗೆ ಎಟುಕಿದಷ್ಟು, ಅಕ್ಕಾ.”

ಅವಳು ಸೆರಗು ಸಿಕ್ಕಿಸಿ ಇನ್ನೊಂದು ಕೋಲು ತೆಗೆದುಕೊಂಡಳು. ಅವರ ಕೈಗೆ ಎಟುಕದ ಎತ್ತರದಲ್ಲಿ ಹೂಗಳು ಆಗಲೇ ಉದುರತೊಡಗಿದ್ದವು.