ಎರಡು ತಲೆಯ ತಂತಿ

"ಭಾವ, ಇದನ್ನ ಯಾರು ಮಾಡಿದ್ದು?"

ವೈರಿಂಗ್ ಕೆಲಸದ ಬಾಮೈದ ಕೇಳಿದಾಗ ವರ್ಕ್‌ಶಾಪಿನ ಲೇತ್ ಯಂತ್ರದ ಮೇಷ್ಟ್ರು ಹೊಸ ಜನರೇಟರಿನ ಮೇಲಿಲ್ಲದ ಧೂಳನ್ನು ಒರೆಸತೊಡಗಿದರು. ಬಾಮೈದನ ಕೈಯಲ್ಲಿ ಒಂದು ದಪ್ಪ ತಂತಿ. ಎರಡೂ ತುದಿಗೆ ಪ್ಲಗ್ಗು. ಒಂದು ತಲೆಯನ್ನು ಜನರೇಟರಿಗೆ, ಇನ್ನೊಂದನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಇಡೀ ಮನೆಗೆ ಕರೆಂಟು. ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಹೀಗೇ ನಡೆಸಿದ್ದೆವು, ಮೊದಲು ಮೇನ್ ಆಫ್ ಮಾಡಿದರೆ ಆಯಿತು ಎಂಬುದು ಮೇಷ್ಟ್ರ ವಾದ.

"ಒಂದಿನ ಮರೀತೀರಿ. ಆಗ ನಿಮ್ಮ ಕರೆಂಟು ಹಿಂದಕ್ಕೆ ಬೀದಿ ಲೈನಿಗೆ ಹೋಗುತ್ತೆ. ಲೈನು ಸತ್ತಿದೆ ಅಂತ ಕಂಬ ಹತ್ತಿದೋನು ಅಲ್ಲೇ ಅಂಟ್ಕೋತಾನೆ."

ಮೇಷ್ಟ್ರು ತಲೆಯಾಡಿಸಿದರು. ತಂತಿಯನ್ನು ಮಾತ್ರ ಎಸೆಯಲಿಲ್ಲ.

ಈ ಗಡಿಬಿಡಿಯೆಲ್ಲ ಹೆಂಡತಿಯ ಉಸಿರಿಗಾಗಿ. ಆಕೆಯ ಶ್ವಾಸಕೋಶ ಸೋತಿತ್ತು. ಹಗಲೂ ರಾತ್ರಿ ಮಂಚದ ಪಕ್ಕ ಆಮ್ಲಜನಕದ ಯಂತ್ರ ಓಡಬೇಕು. ಹೋದ ತಿಂಗಳು ಕರೆಂಟು ಅರ್ಧ ದಿನ ಕೈಕೊಟ್ಟಾಗ, ಬದಲಿಗೆ ಹಾಕಿದ ಸಿಲಿಂಡರಿನ ಮುಳ್ಳು ಸೊನ್ನೆಗೆ ಇಳಿಯುವುದನ್ನು ಮೇಷ್ಟ್ರು ಕಣ್ಣಾರೆ ನೋಡಿದ್ದರು. ಮಾರನೇ ದಿನವೇ ಅಂಗಡಿಗೆ ಹೋಗಿ ಇಪ್ಪತ್ತೈದು ಕೆವಿಎ ಜನರೇಟರಿನ ಮೇಲೆ ಕೈಯಿಟ್ಟು ನಿಂತರು. ಬಾಮೈದ ಅವರನ್ನು ಮನೆಗೆ ಕರೆತಂದು, ಕಾಗದ ಪೆನ್ನು ಹಿಡಿದು ಕೂತ. ಉಸಿರಿನ ಯಂತ್ರ, ಫ್ರಿಜ್ಜು, ಫ್ಯಾನು, ಶುರುವಾಗುವಾಗ ಮೂರು ಪಟ್ಟು ಎಳೆಯುವ ನೀರಿನ ಮೋಟರು, ಎಲ್ಲ ಕೂಡಿಸಿದರೂ ಹತ್ತು ದಾಟಲಿಲ್ಲ. "ನನ್ನ ಮೂಗಿಗೆ ಸಾಕಾಗೋಷ್ಟು ತಗೊಳ್ರೀ, ಊರಿಗೆಲ್ಲ ದೀಪ ಹಚ್ಚೋಕೆ ಹೊರಟ್ರಾ?" ಎಂದು ಹೆಂಡತಿ ನಕ್ಕ ಮೇಲೆ ಹತ್ತಕ್ಕೇ ಒಪ್ಪಿದ್ದರು.

ಬಾಮೈದ ಹಳೆಯ ಮೇನ್ ಸ್ವಿಚ್ಚನ್ನು ಬಿಚ್ಚಿದ. ಬೀದಿಯ ಕರೆಂಟೋ ಜನರೇಟರೋ, ಒಂದೇ ಒಂದನ್ನು ಮನೆಗೆ ಬಿಡುವ ಚೇಂಜ್‌ಓವರ್ ಸ್ವಿಚ್ಚು ಆ ಜಾಗಕ್ಕೆ ಬರಬೇಕಿತ್ತು. ತಂದದ್ದು ಚಿಕ್ಕದಾಯಿತು. ಅಕ್ಕನ ಯಂತ್ರ ನಿಲ್ಲಬಾರದೆಂದು ಬೀದಿಯ ತಂತಿಗಳನ್ನು ಸದ್ಯಕ್ಕೆ ಮನೆಯ ತಂತಿಗಳಿಗೆ ನೇರ ಜೋಡಿಸಿ, ಏನನ್ನೂ ಮುಟ್ಟಬೇಡಿ ಎಂದು ಹೇಳಿ ಆ ಸ್ವಿಚ್ಚನ್ನು ಬದಲಾಯಿಸಲು ಅಂಗಡಿಗೆ ಹೋದ.

ಅವನು ಹೋದ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು.

ಯಂತ್ರ ಕೂಗಿಕೊಂಡಿತು. ಮೇಷ್ಟ್ರು ಕೊಳವೆಯನ್ನು ಚಿಕ್ಕ ಸಿಲಿಂಡರಿಗೆ ಹಾಕಿದರು. ಮುಳ್ಳು ಆಗಲೇ ಕೆಂಪಿನಲ್ಲಿತ್ತು. ಹಿತ್ತಲಿಗೆ ಓಡಿ ಜನರೇಟರ್ ಶುರುಮಾಡಿ, ತಂತಿಯ ಒಂದು ತಲೆಯನ್ನು ಅದಕ್ಕೆ ಚುಚ್ಚಿ, ಇನ್ನೊಂದನ್ನು ಹಿಡಿದು ಅಡಿಗೆಮನೆಯ ಸಾಕೆಟ್ಟಿನ ಮುಂದೆ ಬಂದರು. ಅಭ್ಯಾಸಬಲದಿಂದ ಎಡಗೈ ಮೇನ್ ಸ್ವಿಚ್ಚಿದ್ದ ಗೋಡೆಗೆ ಹೋಯಿತು. ಅಲ್ಲಿ ಟೇಪು ಸುತ್ತಿದ ತಂತಿಗಳಷ್ಟೇ ಇದ್ದವು.

ಆಫ್ ಮಾಡಲು ಏನೂ ಇರಲಿಲ್ಲ. ಕೋಣೆಯಿಂದ ಹೆಂಡತಿಯ ಕೆಮ್ಮು ಕೇಳಿಸಿತು. ಪ್ಲಗ್ಗು ಸಾಕೆಟ್ಟಿಗೆ ನಾಲ್ಕು ಬೆರಳು ದೂರದಲ್ಲಿತ್ತು.

"ರೀ," ಎಂದಳು ಆಕೆ. ಗೋಡೆ ಹಿಡಿದು, ಸಿಲಿಂಡರನ್ನು ಕಂಕುಳಲ್ಲಿ ಅವುಚಿಕೊಂಡು ಬಾಗಿಲಿಗೆ ಬಂದಿದ್ದಳು. ತಮ್ಮ ಹೇಳಿದ್ದು ಆಕೆಗೂ ಕೇಳಿಸಿತ್ತು. "ಅದನ್ನ ಕಿತ್ತು ಬಿಸಾಕಿ. ನನ್ನ ಯಂತ್ರಕ್ಕೆ ಚಕ್ರ ಇದೆಯಲ್ಲ. ನಾನೇ ಹಿತ್ತಲಿಗೆ ಬರ್ತೀನಿ."

ಮೇಷ್ಟ್ರಿಗೆ ಅದು ಹೊಳೆದೇ ಇರಲಿಲ್ಲ. ಆಕೆ ಹಿತ್ತಲಿಗೆ ಕಾಲಿಟ್ಟು ಏಳು ತಿಂಗಳಾಗಿತ್ತು.

ತಂತಿಯನ್ನು ಎರಡೂ ಕಡೆ ಬಿಡಿಸಿ ಎಸೆದರು. ಇಸ್ತ್ರಿಗೆ ಬಳಸುವ ಎಕ್ಸ್‌ಟೆನ್ಷನ್ ಬಾಕ್ಸನ್ನು ಜನರೇಟರಿಗೆ ಚುಚ್ಚಿ ಎಳೆದರೆ, ಅದು ಹಿತ್ತಲ ಬಾಗಿಲವರೆಗಷ್ಟೇ ಬಂತು. ಯಂತ್ರವನ್ನು ಅಲ್ಲಿಗೆ ದೂಡಿದರು, ಹೊಸ್ತಿಲ ಪಕ್ಕ ಕುರ್ಚಿ ಹಾಕಿದರು. ಗಾಳಿ ಹೊಗೆಯನ್ನು ಕಾಂಪೌಂಡಿನಾಚೆ ಒಯ್ಯುತ್ತಿತ್ತು. ಮೇಷ್ಟ್ರು ಕೊಳವೆಯನ್ನು ಮತ್ತೆ ಯಂತ್ರಕ್ಕೆ ಹಾಕಿದರು. ಆಕೆಯ ತುಟಿಯ ನೀಲಿ ಮೆಲ್ಲಗೆ ತಿಳಿಯಾಯಿತು.

ಎಂಜಿನ್ನಿನ ಅಬ್ಬರಕ್ಕೆ ಮಾತು ಕೇಳಿಸುವಂತಿರಲಿಲ್ಲ. ಆಕೆ ಮೇಷ್ಟ್ರ ತೋಳು ತಟ್ಟಿ, ಗಲ್ಲ ಎತ್ತಿ ಆಚೆ ತೋರಿಸಿದಳು.

ಕಾಂಪೌಂಡಿನಾಚೆ ಬೀದಿಯ ಕಂಬದ ಮೇಲೆ ಒಬ್ಬ ಲೈನ್‌ಮನ್ ಇದ್ದ. ಸೊಂಟದ ಪಟ್ಟಿಗೆ ಮೈಯೊರಗಿಸಿ, ಕೆಳಗಿದ್ದವರಿಗೆ ಏನೋ ಹೇಳಿ ನಗುತ್ತ, ಎರಡೂ ಬರಿಗೈಯಲ್ಲಿ ತಂತಿಯನ್ನು ಹಿಡಿದುಕೊಂಡಿದ್ದ.