ಕಂಬದ ಬುಡದವನ ಮುಂಡಾಸು

ಗಾಜು ಎತ್ತಿದ ಕೂಡಲೇ ಹಳೆಯ ಕಾಗದದ ವಾಸನೆ, ಒಣಹುಲ್ಲಿನಂಥದು, ಮೂಗಿಗೆ ಬಂತು, ಆಮೇಲೆ ಕಂಬಗಳು — ಈಜಿಪ್ಟಿನ ಹಾಳು ಗುಡಿಯ ಕಂಬಗಳು, ಅರ್ಧ ಮರಳಿನಲ್ಲಿ ಹೂತವು, ನೂರೈವತ್ತು ವರ್ಷದ ಹಿಂದೆ ಯಾರೋ ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಒತ್ತಿದ ಕಪ್ಪು ಚಿತ್ರ, ಬೆಳಿಗ್ಗೆ ತಂದುಕೊಟ್ಟವಳು ಹೇಳಿದ್ದಳು, ತಾತ, ನಮ್ಮಜ್ಜನದು, ಕಲೆ ಒಂದೂ ಉಳೀಬಾರದು, ಸಂಜೆ ಬರ್ತೀನಿ — ಆಗಲಿ ಎಂದಿದ್ದ, ಚೌಕಟ್ಟಿನ ಕೆಲಸದಲ್ಲಿ ಮಾತು ತಪ್ಪಿದವನಲ್ಲ, ಆದರೆ ಕೈ ನಿಂತಿದೆ, ಕಂಬದ ಬುಡದಲ್ಲಿ ಕೂತ, ಇರುವೆಯಷ್ಟು ಪುಟ್ಟ ಮನುಷ್ಯನ ತಲೆಯ ಮೇಲೆ ಕೆಂಪು. ಇದೇ ಮೇಜು, ನಲವತ್ತು ವರ್ಷದ ಹಿಂದೆ, ಎದುರಿಗೆ ಅಂಟು ಹಚ್ಚುತ್ತ ಹೆಂಡತಿ, ರೀ, ಇವನು ಯಾರು, ಯಾರೂ ಅಲ್ಲ ಕಣೇ, ಕಂಬದ ಎತ್ತರ ತಿಳೀಲಿ ಅಂತ ಕೂರಿಸಿರೋ ಆಳು, ಅಯ್ಯೋ ಪಾಪ, ಅಷ್ಟಕ್ಕೆ ಬಿಸಿಲಲ್ಲಿ ಬರಿತಲೇಲಿ ಕೂರಿಸೋದಾ — ಅವನು ಮೊಳೆ ತರಲು ಹೋಗಿಬರುವಷ್ಟರಲ್ಲಿ ಅಂಚಿಗೆ ಗೆರೆ ಎಳೆಯುವ ಕುಂಚದಿಂದಲೇ ಮುಂಡಾಸು ಸುತ್ತಿಬಿಟ್ಟಿದ್ದಳು, ತಲೆ ಕೆಟ್ಟಿದೆಯಾ ನಿಂಗೆ, ಗಿರಾಕಿ ನಮ್ಮ ಮಾನ ಕಳೀತಾನೆ, ಅವನಿಗೆ ತಂಪಾಯ್ತು, ನೀವ್ಯಾಕೆ ಬಿಸಿಯಾಗ್ತೀರಿ — ಎರಡು ದಿನ ಅವಳ ಜೊತೆ ಮಾತಾಡಲಿಲ್ಲ, ಗಿರಾಕಿಯೋ ಕನ್ನಡಕ ಏರಿಸಿ ನೋಡಿ, ಏನೂ ಕಾಣದೆ, ಚೆನ್ನಾಗಿದೆ ಎಂದು ಹೊತ್ತುಕೊಂಡು ಹೋದ, ಆ ಎರಡು ದಿನ, ದೇವರೇ, ಆ ಎರಡು ದಿನ ಈಗ ಯಾರು ತಂದುಕೊಡುತ್ತಾರೆ. ಅವಳು ಹೋಗಿ ಎಂಟು ತಿಂಗಳು, ಸೀರೆಗಳನ್ನೂ ಹಂಚಿಯಾಯಿತು, ಅವಳ ಕೈಯದು ಅಂತ ಉಳಿದದ್ದು ಇಷ್ಟೇ, ಅದೂ ಇನ್ನೊಬ್ಬರ ಮನೆಯ ಗೋಡೆಯದು, ಒದ್ದೆ ಹತ್ತಿ ಒಮ್ಮೆ ಸವರಿದರೆ ಮುಗಿಯಿತು. ಒಳಗಿನಿಂದ ಸೊಸೆ, ಮಾವ, ಊಟ ಆರಿ ಹೋಗ್ತಿದೆ, ಬಂದೆನಮ್ಮಾ — ಬರಲಿಲ್ಲ, ಆಕಾಶದ ಕಂದು ಕಲೆಗಳನ್ನು ತೆಗೆದ, ಅಂಚಿನದನ್ನು ತೆಗೆದ, ಹತ್ತಿ ಕಂಬದ ತನಕ ಬಂತು, ಒಣಗಿತು, ಮತ್ತೆ ಅದ್ದಿದ, ಮತ್ತೆ ಒಣಗಿತು. ಸಂಜೆ ಚಿತ್ರ ತಂದವಳ ಎದುರಿಗೇ ಹೇಳಿಬಿಟ್ಟ, ನೋಡಮ್ಮಾ, ಈ ಕೆಂಪು ನಮ್ಮವಳು ಮಾಡಿದ ತಪ್ಪು, ಬೇಡ ಅಂದ್ರೆ ಈಗಲೇ ತೆಗೀತೀನಿ — ಅವಳು ಚಿತ್ರವನ್ನು ಎದೆಗೆ ಎಳೆದುಕೊಂಡಳು, ಅಯ್ಯೋ, ಅವನನ್ನ ಮುಟ್ಟಬೇಡಿ ತಾತ, ಚಿಕ್ಕವಳಿದ್ದಾಗ ದಿನಾ ಮುಂಡಾಸಿನ ಮಾಮನಿಗೆ ಟಾಟಾ ಮಾಡೇ ಸ್ಕೂಲಿಗೆ ಹೋಗ್ತಿದ್ದದ್ದು — ಕೇಳಿಸಿತೇನೇ, ನಲವತ್ತು ವರ್ಷ, ಒಂದು ಮನೆಯವರೆಲ್ಲ ನಿನ್ನ ತಪ್ಪನ್ನು ನೋಡುತ್ತ ಬೆಳೆದರಂತೆ, ಚಿತ್ರ ಮತ್ತೆ ಇಸಿದುಕೊಂಡು ಗಾಜು ಮುಚ್ಚಿದ, ಮೊಳೆ ಹೊಡೆದ, ಅಷ್ಟು ದೊಡ್ಡ ಕಂಬಗಳು, ಅಷ್ಟು ಮರಳು, ಅಷ್ಟು ಬಿಸಿಲು, ಅದರ ನಡುವೆ ತಲೆಯ ಮೇಲೆ ಒಂದಿಷ್ಟು ಕೆಂಪು, ತಂಪಾಗಿ ಕೂತಿದ್ದಾನೆ, ಕೆಂಪು —