ಎರಡು ಕಿಲೋ ಸಡಿಲ

ಸಣ್ಣ ಪಂದ್ಯಾವಳಿಯ ಒಂದು ಗೆಲುವಿಗೆ ಏನೆಲ್ಲ ತೆರಬೇಕೆಂಬುದನ್ನು, ಸಹೃದಯರೇ, ಮರುದಿನದ ಪತ್ರಿಕೆ ಬರೆಯುವುದಿಲ್ಲ: ಕಾಲಿನ ಒಂದು ಉಗುರು, ಅಂಗೈಯ ಚರ್ಮ, ಬಸ್ಸಿನ ಸೀಟಿಗೆ ಒರಗಿ ಕಳೆದುಕೊಂಡ ನಿದ್ದೆ, ತಂಗಿಯ ಮದುವೆಗೆ ಹೋಗದೆ ಉಳಿದ ನಾಚಿಕೆ... ಇಷ್ಟು ತೆತ್ತು ಪಡೆದ ಗೆಲುವು ಮುಂದಿನ ಊರು ಮುಟ್ಟುವ ಹೊತ್ತಿಗೆ ಹಳಸಿರುತ್ತದೆ.

ಆ ಅಪರಾಹ್ನ, ನೀಲಿ ಬಣ್ಣ ಬಳಿದ ಸಿಮೆಂಟಿನ ಅಂಕಣದ ಮೇಲೆ ಬಿಸಿಲು ಕಾದ ಹಾಲಿನ ಕೆನೆಯಂತೆ ನಿಶ್ಚಲವಾಗಿ ಹರಡಿತ್ತು. ಬೇಲಿಯಾಚೆ, ಮಳೆಯ ಮಾತು ಕೊಟ್ಟು ಮರೆತ ಶುಭ್ರಮೇಘಗಳು. ಈಚೆ ಒಂದಷ್ಟು ಪ್ಲಾಸ್ಟಿಕ್ ಕುರ್ಚಿಗಳು, ಅವುಗಳ ಮೇಲೆ ಪ್ರೇಕ್ಷಕರಿಗಿಂತ ಒಣಗಲು ಹಾಕಿದ ಟವೆಲುಗಳೇ ಹೆಚ್ಚು. ಅಲ್ಲಿ ಟೆನಿಸ್ ಆಡುತ್ತಿದ್ದವಳಿಗೆ ಮೂವತ್ತು ದಾಟಿತ್ತು. ಬೇಲಿಗೆ ಒರಗಿ ನಿಂತವನು ಅವಳ ಗಂಡ. ಅವಳ ತರಬೇತುದಾರ, ಚಾಲಕ, ಅಡುಗೆಯವ, ಹೋಟೆಲ್ ಕೋಣೆಯ ಮೇಜಿಗೆ ಪುಟ್ಟ ಯಂತ್ರ ಕಚ್ಚಿಸಿ ಅವಳ ರಾಕೆಟ್ಟುಗಳಿಗೆ ತಂತಿ ಬಿಗಿಯುವವನೂ ಅವನೇ. ಈ ಪಂದ್ಯ ಸೋತರೆ ಆಟ ಬಿಟ್ಟು ಮನೆ ಸೇರುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು.

ಮೊದಲ ಸೆಟ್ಟಿನಲ್ಲಿ ಅವಳ ಹೊಡೆತಗಳೆಲ್ಲ ಗೆರೆ ದಾಟಿ ಬಿದ್ದವು. ಟಣ್ ಎನ್ನಬೇಕಾದ ತಂತಿ, ದಿಂಬಿಗೆ ಗುದ್ದಿದಂತೆ ಮೆತ್ತಗೆ ಸದ್ದು ಮಾಡುತ್ತಿತ್ತು. ಸೆಟ್ಟು ಸೋತು, ವಿರಾಮದಲ್ಲಿ ಬೇಲಿಯ ಬಳಿ ಬಂದಳು.

“ತಂತಿ ಎಷ್ಟು ಬಿಗಿದೆ?”

“ಯಾವಾಗ್ಲೂ ಬಿಗಿಯೋದಕ್ಕಿಂತ ಎರಡು ಕಿಲೋ ಕಮ್ಮಿ.”

“ಯಾಕೆ?”

“ನಿನ್ನ ಭುಜ. ತಂತಿ ಸಡಿಲ ಇದ್ರೆ ಅದಕ್ಕೆ ಪೆಟ್ಟು ಕಮ್ಮಿ. ರಾತ್ರಿ ಮಗ್ಗುಲು ಬದಲಿಸೋಕೂ ಆಗಲ್ಲ ನಿಂಗೆ. ನಾನೇನು ಕುರುಡನಾ?”

“ಕುರುಡ ಅಲ್ಲ, ಮಹಾ ಜಾಣ. ನನ್ನ ಕೇಳದೆ ನನ್ನ ಆಟ ಮುಗಿಸೋಕೆ ಹೊರಟೋನು.”

ಚೀಲದ ತಳದಿಂದ ಬಿಗಿತಂತಿಯ ಹಳೆಯ ರಾಕೆಟ್ಟು ಎಳೆದುಕೊಂಡು ಹೋದಳು. ಎರಡನೆಯ ಸೆಟ್ಟು ಅವಳದಾಯಿತು. ಬೇಸಿಗೆಯ ಸಿಡಿಲಿನಂತಹ ಒಂದೊಂದು ಹೊಡೆತಕ್ಕೂ ಬೇಲಿಯ ಬಳಿ ನಿಂತವನ ಎದೆ ಹೆಮ್ಮೆಯಿಂದ ಉಬ್ಬುತ್ತಿತ್ತು, ಭಯದಿಂದ ಕುಗ್ಗುತ್ತಿತ್ತು... ಮೂರನೆಯದರಲ್ಲಿ ತೋಳು ಕಿವಿಯ ಮಟ್ಟಕ್ಕೂ ಏರಲಿಲ್ಲ. ಚೆಂಡು ಹಣ್ಣೆಲೆಯಂತೆ ತೇಲಿ ಬಲೆಗೆ ಬಿತ್ತು.

ಗೆದ್ದ ಹುಡುಗಿ ಕೈಕುಲುಕುತ್ತ, “ಅಕ್ಕ, ಎರಡನೇ ಸೆಟ್ಟಲ್ಲಿ ಜೀವಾನೇ ತೆಗೆದುಬಿಟ್ರಿ,” ಎಂದಳು.

ಅಂಕಣದ ಹಿಂದಿನ ಕಟ್ಟೆಯ ಮೇಲೆ ಅವನು ಅವಳ ಭುಜಕ್ಕೆ ಮಂಜುಗಡ್ಡೆಯ ಚೀಲ ಒತ್ತಿ ಹಿಡಿದ.

“ಬೈದುಬಿಡು,” ಎಂದ.

“ಕೇಳಿದ್ದಿದ್ರೆ ನಾನೇ ಸಡಿಲ ಮಾಡು ಅಂತಿದ್ದೆ ಕಣೋ. ಎಷ್ಟೋ ಸಲ ಬಾಯಿ ತನಕ ಬಂತು. ಇವಳ ಕಥೆ ಮುಗೀತು ಅಂತ ನೀನು ಬೇಜಾರು ಮಾಡ್ಕೋತೀಯ ಅಂತ ನುಂಗಿಕೊಂಡೆ.”

“ಹಾಗಾದ್ರೆ... ನಿಂಗೂ ಸಾಕಾಗಿತ್ತಾ?”

“ನಿಂಗೂ ಅಂದ್ರೆ?”

ಅವನು ತಲೆ ತಗ್ಗಿಸಿದ. “ನಾನು ಸಾಕು ಅಂದ್ರೆ, ನಿನ್ನ ಮೇಲೆ ನಂಬಿಕೆ ಹೋಯ್ತು ಅಂದ್ಕೋತೀಯ ಅಂತ ಭಯ ಇತ್ತು.”

ಅವಳು ನಗಲು ಹೋಗಿ, ಭುಜ ನೊಂದು, ಅರ್ಧಕ್ಕೇ ನಿಲ್ಲಿಸಿದಳು. ಅವನ ತೋಳಿಗೆ ಹಣೆಯಾನಿಸಿ ಕಣ್ಣು ಮುಚ್ಚಿದಳು.

ಬಹುಕಾಲ ಜೊತೆಯಲ್ಲಿ ನಡೆದವರು ಪರಸ್ಪರ ಬಚ್ಚಿಡುವುದು ಪಾಪವನ್ನಲ್ಲ, ದಣಿವನ್ನು. ಅವಳು ನಡೆಯುತ್ತಿದ್ದಾಳಲ್ಲ ಎಂದು ಇವನು, ಇವನು ನಿಂತಿಲ್ಲವಲ್ಲ ಎಂದು ಅವಳು, ಹೀಗೆ ಸಂಧ್ಯೆಯ ಎರಡು ನೆರಳುಗಳಂತೆ ಸಾಗುತ್ತಲೇ ಇರುತ್ತಾರೆ. ಕುಳಿತುಕೊಳ್ಳೋಣವೆಂದು ಮೊದಲು ಹೇಳುವುದಕ್ಕೂ ಪ್ರೀತಿ ಬೇಕು, ಧೈರ್ಯವೂ ಬೇಕು. ಪಂದ್ಯ ಹೋಯಿತು, ಅದರ ಜೊತೆ ಆಟವೂ ಹೋಯಿತು. ದಣಿದಿದ್ದೇನೆಂದು ಹೇಳಿಕೊಳ್ಳಲು ಅವಳಿಗೆ ಅವನು ಸಿಕ್ಕ, ಅವನಿಗೆ ಅವಳು ಸಿಕ್ಕಳು.